ನಿಮ್ಮ ಮನೆಯವರು ಮನೆಯಲ್ಲಿದ್ದಾರಾ?

ಆ ಫೋನಿನಲ್ಲಿ ಮಾತಾಡುತ್ತಿದ್ದವಳು ನಾನೇ. ಬಿಲ್ಲಗೆರೆಯ ಜನ ತಪ್ಪೆಲ್ಲ ಯಂತ್ರದ್ದು ಅನ್ನುತ್ತಾರೆ. ಯಂತ್ರಕ್ಕೇನು ಗೊತ್ತು ಪಾಪ, ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿತು. ಅದರ ಬಾಯಿಗೆ ಮಾತು ತುರುಕಿದವಳು ಈ ಕಾತ್ಯಾಯಿನಿ, ಅದೂ ಡಾಕ್ಟರ ಎದುರಿಗೆ ಜಂಬ ಕೊಚ್ಚಿಕೊಂಡು. ಈಗ ಇದನ್ನೆಲ್ಲ ಬಾಯಲ್ಲಿ ಹೇಳುವ ಸ್ಥಿತಿಯಲ್ಲಿ ನಾನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಿಲ್ಲಗೆರೆ ಜಂಕ್ಷನ್ನಿನಲ್ಲಿ ನೀವು ಯಾವತ್ತಾದರೂ ಗಾಡಿ ಕಾಯುತ್ತಾ ನಿಂತಿದ್ದರೆ ನನ್ನ ದನಿ ಕೇಳಿಯೇ ಇರುತ್ತೀರಿ. ಹದಿನೆಂಟು ವರ್ಷದಿಂದ ಸ್ಟೇಷನ್ನಿನ ಮೈಕಿನಲ್ಲಿ ಕೂಗುವವಳು ನಾನು. ಹುಬ್ಬಳ್ಳಿ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಅಂದರೆ ಅದು ಪ್ಲಾಟ್‌ಫಾರ್ಮಿನವರಿಗೆ ಮಾತ್ರವಲ್ಲ, ಹಿಂದಿನ ಗಾಣಿಗರ ಬೀದಿಗೆ, ಕೊಬ್ಬರಿ ಮಂಡಿಗೆ, ಹೊಸ ಬಡಾವಣೆಯ ಅರ್ಧಕ್ಕೂ ಕೇಳಿಸುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಗಸರು ನಾನು ಕೂಗಿದ ಮೇಲೇ ಅಕ್ಕಿ ತೊಳೆದು ಒಲೆಯ ಮೇಲಿಡುತ್ತಿದ್ದರು. ಅಂಗಡಿಯಲ್ಲಿ ಬಾಯಿ ಬಿಟ್ಟರೆ ಸಾಕು, ಓ ಸ್ಟೇಷನ್ ಮೇಡಂ ಅನ್ನುತ್ತಿದ್ದರು. ನನಗೂ ಅದರ ಕೊಬ್ಬು ಸ್ವಲ್ಪ ಇತ್ತು, ಇಲ್ಲ ಅನ್ನುವುದಿಲ್ಲ.

ಫೆಬ್ರವರಿ ಮೊದಲ ವಾರ ಟೀವಿಯಲ್ಲಿ ಒಂದು ಹಡಗು ತೋರಿಸಿದರು. ಯಾವುದೋ ದೂರದ ಬಂದರಿನ ಹೊರಗೆ ನಿಲ್ಲಿಸಿದ್ದ ಹಡಗು. ಮೇಲೆ ಕಂಬಿ ಹಿಡಿದುಕೊಂಡು ಇನ್ನೂರು ಮುನ್ನೂರು ಜನ ನಿಂತಿದ್ದರು, ಕೈ ಆಡಿಸುತ್ತಿದ್ದರು, ಬಾಯಿ ಆಡಿಸುತ್ತಿದ್ದರು, ಒಂದು ಸದ್ದಿಲ್ಲ. ನಮ್ಮ ಮಗಳು ಸ್ಫೂರ್ತಿ ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಜಾಸ್ತಿ ಮಾಡಿದಳು. ವಾಲ್ಯೂಮ್ ಸರಿಯಾಗಿಯೇ ಇತ್ತು. ನಮ್ಮನೆಯವರು ಉಪ್ಪಿಟ್ಟು ತಿನ್ನುತ್ತಾ, ನಿಮ್ಮಮ್ಮನನ್ನು ಆ ಹಡಗಿಗೆ ಹತ್ತಿಸಬೇಕು ನೋಡು ಅಂದರು. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಸೀಟಿ ಊದಿ ಊದಿ ಮಾತೇ ಕಡಿಮೆ, ಆಡಿದರೆ ಇಂಥದ್ದೇ. ಮೂರೂ ಜನ ನಕ್ಕೆವು.

ಎರಡು ವಾರಕ್ಕೆ ಆ ಹಡಗಿನವರ ದನಿ ಕಟ್ಟಿದ್ದ ರೋಗ ಮುಂಬೈಗೆ ಬಂತು, ಆಮೇಲೆ ಬೆಂಗಳೂರಿಗೆ. ಡಾಕ್ಟರುಗಳು ಅದಕ್ಕೊಂದು ಉದ್ದದ ಹೆಸರಿಟ್ಟರು, ನಮ್ಮ ಕಡೆಯವರು ದನಿಕಟ್ಟು ಅಂದರು. ಆ ವೈರಸ್ಸು ಮೊದಲು ಹೋಗಿ ಕೂರುವುದು ಗಂಟಲಿನಲ್ಲಿ ದನಿ ಹುಟ್ಟುವ ತಂತುಗಳ ಮೇಲೆ. ಎರಡು ದಿನ ಏನೂ ಗೊತ್ತಾಗುವುದಿಲ್ಲ. ಮೂರನೆಯ ದಿನ ಜ್ವರ, ಐದನೆಯ ದಿನಕ್ಕೆ ದನಿ ಪೂರ್ತಿ ನಿಂತುಹೋಗುತ್ತದೆ. ಹತ್ತರಲ್ಲಿ ಒಬ್ಬರಿಗೆ ಆ ಊತ ಕೆಳಗಿಳಿದು ಉಸಿರನ್ನೂ ಕಟ್ಟುತ್ತದೆ. ಕೆಮ್ಮಿಲ್ಲ, ಸೀನಿಲ್ಲ. ಅದು ಹರಡುವುದು ಮಾತಿನಿಂದ, ಒಂದೊಂದು ಮಾತಿಗೂ ಬಾಯಿಂದ ಹಾರುವ ಕಣ್ಣಿಗೆ ಕಾಣದ ತುಂತುರಿನಿಂದ. ಜೋರಾಗಿ ಮಾತಾಡಿದಷ್ಟೂ ದೂರ ಹೋಗುತ್ತದೆ.

ಇದು ಗೊತ್ತಾದ ದಿನದಿಂದ ಬಿಲ್ಲಗೆರೆ ಬಾಯಿ ಮುಚ್ಚಿಕೊಂಡಿತು. ಮಂಡಿಯಲ್ಲಿ ಹರಾಜು ಕೂಗುವವನು ಸ್ಲೇಟು ಹಿಡಿದು ನಿಂತ. ಕಂಡಕ್ಟರು ಊರಿನ ಹೆಸರು ಕೂಗುವುದು ಬಿಟ್ಟು ಬಸ್ಸಿನ ಬೋರ್ಡನ್ನು ಪಟಪಟ ಬಡಿಯತೊಡಗಿದ. ನಾರುಬೇರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಜ್ಯೇಷ್ಠಮಧು ಒಂದೇ ಬೆಳಿಗ್ಗೆ ಖಾಲಿಯಾಯಿತು, ಮಧ್ಯಾಹ್ನಕ್ಕೆ ಕರಿಮೆಣಸು, ಸಂಜೆಗೆ ಕಲ್ಲುಸಕ್ಕರೆ. ನಮ್ಮ ಬೀದಿಗೆ ಹಾಲು ಹಾಕುವ ಮರಿಯಪ್ಪನದು ಹುಟ್ಟಿನಿಂದ ಒಡಕು ಗಂಟಲು. ಅವನು ಅಮ್ಮಾ ಹಾಲು ಅಂದ ತಕ್ಷಣ ಬೀದಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ನಾಲ್ಕು ದಿನ ಬಂದ, ನಾಲ್ಕು ದಿನವೂ ಹಾಲು ವಾಪಸ್ಸು. ಐದನೆಯ ದಿನ ಬರಲಿಲ್ಲ. ನಮ್ಮ ಬಾಗಿಲೂ ಮುಚ್ಚಿಯೇ ಇತ್ತು.

ಬೆಳಗಾದರೆ ಪ್ರತಿ ಕಿಟಕಿಯ ಹಿಂದಿನಿಂದ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಓದಿನ ಮೇಲಿನ ಪ್ರೀತಿಯಲ್ಲ, ದನಿ ಒಡೆದಿದೆಯಾ ಅಂತ ತಾಯಂದಿರು ಕಿವಿಗೊಟ್ಟು ನೋಡುತ್ತಿದ್ದರು. ನಾನೂ ಸ್ಫೂರ್ತಿಯಿಂದ ಹದಿಮೂರರ ಮಗ್ಗಿ ಹೇಳಿಸುತ್ತಿದ್ದೆ. ಹದಿಮೂರೇಳಕ್ಕೆ ಅವಳು ಯಾವಾಗಲೂ ತಡೆಯುತ್ತಾಳೆ, ಮೊದಲಿಂದಲೂ ಹಾಗೇ. ಆದರೂ ಅವಳು ತಡೆದಾಗ ಮತ್ತೆ ಮೊದಲಿಂದ ಹೇಳಿಸುತ್ತಿದ್ದೆ.

ಗಾಡಿಗಳು ನಿಂತವು. ಬಸ್ಸುಗಳೂ ನಿಂತವು. ಊರಿನ ಗಡಿಯಲ್ಲಿ ಪೊಲೀಸರು ಕಂಬ ಅಡ್ಡ ಹಾಕಿದರು. ಮೈಕಿಗೆ ಬಟ್ಟೆ ಹೊದಿಸಿ ಮನೆಗೆ ಬಂದ ಮರುದಿನವೇ ನನಗೆ ಕರೆ ಬಂತು. ಸ್ಟೇಷನ್ನಿನ ಪಕ್ಕದ ರೈಲ್ವೆ ಕ್ಲಬ್ಬಿನಲ್ಲಿ ಕಂಟ್ರೋಲ್ ರೂಮ್ ಮಾಡಿದ್ದರು. ಟೇಬಲ್ ಟೆನಿಸ್ ಆಡುತ್ತಿದ್ದ ಮೇಜಿನ ಮೇಲೆ ಕಪ್ಪು ಪೆಟ್ಟಿಗೆಗಳು, ಗೋಡೆಗೆ ಊರಿನ ದೊಡ್ಡ ನಕ್ಷೆ. ಅಲ್ಲಿ ಯಜಮಾನಿಕೆ ಡಾಕ್ಟರ್ ನಫೀಸಾ ಅವರದು. ಮೂರು ದಿನದಿಂದ ನಿದ್ದೆ ಇಲ್ಲದ ಹೆಂಗಸು, ಕಣ್ಣು ಕೆಂಪು. ಪೆಟ್ಟಿಗೆಗಳನ್ನು ನೋಡಿಕೊಳ್ಳಲು ಪ್ರಣವ್ ಅಂತ ಒಬ್ಬ ಎಂಜಿನಿಯರ್. ಮೂವತ್ತೈದು ದಾಟಿದ್ದರೂ ಮದುವೆಯಾಗಿರಲಿಲ್ಲ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಪ್ರಣವ್ ವಿವರಿಸಿದ. ಏನೂ ಗೊತ್ತಾಗದ ಆ ಮೊದಲ ಎರಡು ದಿನ ಇರುತ್ತದಲ್ಲ, ಆಗಲೇ ದನಿಯಲ್ಲಿ ಒಂದು ಸಣ್ಣ ನಡುಕ ಸೇರಿಕೊಂಡಿರುತ್ತದೆ. ನಮ್ಮ ಕಿವಿಗೆ ಸಿಗುವುದಿಲ್ಲ, ಯಂತ್ರಕ್ಕೆ ಸಿಗುತ್ತದೆ. ಅದಕ್ಕೆ ಈ ಯಂತ್ರ ದಿನಾ ಬೆಳಿಗ್ಗೆ ಬಿಲ್ಲಗೆರೆಯ ಹನ್ನೊಂದು ಸಾವಿರ ಮನೆಗೂ ಫೋನು ಮಾಡಿ, ಮನೆಯಲ್ಲಿ ಯಾರಿದ್ದೀರಿ ಅಂತ ಕೇಳಿ, ಒಬ್ಬೊಬ್ಬರಿಂದಲೂ ಐದು ಸೆಕೆಂಡು ‘ಆ’ ಅನ್ನಿಸುತ್ತದೆ. ನಡುಕ ಇಲ್ಲದಿದ್ದರೆ ಒಂದು ಟಿಂಗ್, ಇದ್ದರೆ ಎರಡು. ಎರಡಾದರೆ ಆಂಬುಲೆನ್ಸು. ಊಟ, ಔಷಧಿ, ಹಾಲು ಎಲ್ಲವೂ ಯಂತ್ರದ ಪಟ್ಟಿಯ ಪ್ರಕಾರವೇ. ಯಾವ ಮನೆಯಲ್ಲಿ ಜನ ಇಲ್ಲವೋ ಅದನ್ನು ಖಾಲಿ ಅಂತ ಗುರುತು ಹಾಕಿ ಪಟ್ಟಿಯಿಂದ ತೆಗೆಯುವುದು, ಹೊರಗಿನವರು ಹೊಕ್ಕು ಅಡಗದ ಹಾಗೆ ವಾರ್ಡಿನವರು ಹೊರಗಿನಿಂದಲೇ ಬೀಗ ಜಡಿಯುವುದು, ಸೋಂಕಿನ ಭಯಕ್ಕೆ ಯಾರೂ ಬಾಗಿಲು ತೆಗೆಸಿ ನೋಡುವ ಹಾಗಿಲ್ಲ. ಗುರುತಿಲ್ಲದ ದನಿ ಕೇಳಿದರೆ ಜನ ಹೆದರಿ ಫೋನು ಇಟ್ಟುಬಿಡುತ್ತಿದ್ದಾರೆ, ನಿಮ್ಮದಾದರೆ ನಂಬುತ್ತಾರೆ ಅಂದರು ಡಾಕ್ಟರು. ನಾನು ಉಬ್ಬಿಹೋದೆ.

ಓದಲು ಕೊಟ್ಟ ಹಾಳೆಯಲ್ಲಿ, ನಿಮ್ಮ ಕುಟುಂಬದ ಸದಸ್ಯರು ಪ್ರಸ್ತುತ ನಿವಾಸದಲ್ಲಿ ಲಭ್ಯವಿದ್ದಾರೆಯೇ ಅಂತ ಬರೆದಿತ್ತು. ನಾನು ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

"ಹಿಂಗೆ ಯಾರು ಮಾತಾಡ್ತಾರೆ ಸ್ವಾಮಿ? ಕೋರ್ಟಿನವರು ಬಂದ್ರು ಅಂತ ಜನ ಹಿತ್ತಲ ಬಾಗ್ಲಿಂದ ಓಡ್ತಾರೆ. ನಾವು ನಮ್ಮ ಪಾಡಿಗೆ ಹೆಂಗ್ ಕೇಳ್ತೀವೋ ಹಂಗೆ ಕೇಳಿದ್ರಾಯ್ತು."

ಹೇಗೆ ಅಂದ ಪ್ರಣವ್. ನಾನು ಮೈಕಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದೆ: "ನಮಸ್ಕಾರ. ನಿಮ್ಮ ಮನೆಯವರು ಮನೆಯಲ್ಲಿದ್ದಾರಾ?"

ಎಷ್ಟು ಚೆನ್ನಾಗಿದೆ ಅಂದ ಅವನು. ಡಾಕ್ಟರೂ ತಲೆಯಾಡಿಸಿದರು. ಅವನು ಯಂತ್ರಕ್ಕೆ ಮನೆಯವರು ಅಂದರೆ ಮನೆಯಲ್ಲಿ ವಾಸಿಸುವ ಎಲ್ಲ ಜನ ಅಂತ ಅರ್ಥ ಕಲಿಸಿದ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಸೋಮವಾರ ಯಂತ್ರ ಶುರುವಾಯಿತು. ಒಂದೇ ದಿನದಲ್ಲಿ ಜ್ವರ ಬರುವ ಮೊದಲೇ ಹದಿನೇಳು ಜನ ಸಿಕ್ಕರು. ಅವರಲ್ಲಿ ಒಬ್ಬಳು ಅಂಗನವಾಡಿಯವಳು, ಮರುದಿನ ಇಪ್ಪತ್ತು ಮಕ್ಕಳಿಗೆ ಊಟ ಹಂಚಬೇಕಾಗಿದ್ದವಳು. ಡಾಕ್ಟರು ನನ್ನ ಕೈ ಹಿಡಿದುಕೊಂಡರು. ಮನೆಯಲ್ಲಿ ಮಾತ್ರ ಸ್ಫೂರ್ತಿಗೆ ನಗು ತಡೆಯಲಾಗಲಿಲ್ಲ. ಅಡಿಗೆಮನೆಯಲ್ಲಿ ನಾನು ಅನ್ನ ಬಸಿಯುತ್ತಿದ್ದೇನೆ, ಹಜಾರದ ಫೋನಿನಲ್ಲೂ ನಾನೇ ಮಾತಾಡುತ್ತಿದ್ದೇನೆ. ನಮ್ಮನೆಯವರು ‘ಆ’ ಅಂದರು, ಒಂದು ಟಿಂಗ್. ನಾನು ಅಂದೆ, ಒಂದು ಟಿಂಗ್. ಸ್ಫೂರ್ತಿ ಅಂದಳು. ಯಂತ್ರ ಸುಮ್ಮನಾಯಿತು. ಎರಡು ಸೆಕೆಂಡೋ ಮೂರೋ. ನಮ್ಮನೆಯವರ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಆಮೇಲೆ ಒಂದು ಟಿಂಗ್ ಬಂತು. ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಅನ್ನ ಮುದ್ದೆಯಾಗಿತ್ತು, ಹಾಗೇ ತಿಂದೆವು.

ಆ ವಾರ ಪೂರ್ತಿ ಅದೇ ಹೆದರಿಕೆ. ಬೆಳಿಗ್ಗೆ ಫೋನು ಬರುವವರೆಗೆ ಯಾರೂ ಸರಿಯಾಗಿ ಉಸಿರಾಡುವುದಿಲ್ಲ. ಬಂದ ಮೇಲೆ ಒಂದು ದಿನದ ಆಯಸ್ಸು ಸಿಕ್ಕಿದ ಹಾಗೆ. ನಮ್ಮನೆಯವರು ಸೀಟಿ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಿದ್ದರು. ಒಂದು ಸಲ ಊದಿದರೆ ಊಟಕ್ಕೆ ಬಾ, ಎರಡು ಸಲ ಊದಿದರೆ ಕೈ ತೊಳೆ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು.

ಅಕ್ಕ ಸರ್ವಮಂಗಳಾ ಇದ್ದದ್ದು ಗಾಣಿಗರ ಬೀದಿಯಲ್ಲಿ, ಸ್ಟೇಷನ್ನಿನ ಹಿಂದೆಯೇ, ನಡೆದರೆ ಹತ್ತು ನಿಮಿಷ. ಮಕ್ಕಳಿಲ್ಲ. ನಾವಿಬ್ಬರೂ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಪ್ಪ ಸ್ಟೇಷನ್ನಿನ ಗಂಟೆ ಹೊಡೆಯುತ್ತಿದ್ದರು. ಎರಡು ಪೆಟ್ಟು, ಸ್ವಲ್ಪ ತಡೆದು ಮತ್ತೆ ಎರಡು ಪೆಟ್ಟು ಹೊಡೆದರೆ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿದೆ ಅಂತ. ಬಚ್ಚಲಲ್ಲಿ ನಾನು ತಡ ಮಾಡಿದರೆ ಅಕ್ಕ ಹೊರಗಿನಿಂದ ಚೊಂಬಿನಲ್ಲಿ ಬಾಗಿಲಿಗೆ ಹಾಗೇ ಬಡಿಯುತ್ತಿದ್ದಳು. ಎರಡು, ತಡೆದು ಎರಡು. ಬೇಗ ಬಾಗಿಲು ತೆಗಿಯೇ ಪುಟ್ಟಿ ಅಂತ ಅರ್ಥ. ಮನೆಯಲ್ಲಿ ನನ್ನ ಹೆಸರು ಪುಟ್ಟಿ.

ಮೂರು ವರ್ಷದ ಹಿಂದೆ ಭಾವ ತೀರಿಕೊಂಡರು. ಅವತ್ತು ಹಳಿ ತಪ್ಪಿ ಎಲ್ಲಾ ಗಾಡಿಗಳ ಹೊತ್ತು ಏರುಪೇರಾಗಿತ್ತು, ಮೈಕು ಬಿಟ್ಟು ಏಳಲು ಆಗಲಿಲ್ಲ. ಆಗಲಿಲ್ಲ ಅನ್ನುವುದೂ ಸುಳ್ಳು, ಇನ್ನೊಬ್ಬರನ್ನು ಕೂರಿಸಬಹುದಿತ್ತು. ನಾನಿಲ್ಲದೆ ಸ್ಟೇಷನ್ ನಡೆಯುವುದಿಲ್ಲ ಅನ್ನುವ ಭ್ರಮೆ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಕ್ಕ ಒಂದೇ ಮಾತು ಅಂದಳು: ಹೆಣದ ಮುಂದೆ ಕೂತ್ಕೊಂಡು ದಿನಪೂರ್ತಿ ನಿನ್ನ ದನಿ ಕೇಳಿದೀನಿ, ಇನ್ನು ಸಾಕು. ಅಲ್ಲಿಂದ ಮಾತು ಬಿಟ್ಟೆವು. ಅವಳು ಬಿಟ್ಟಳು, ನಾನೂ ಬಿಟ್ಟೆ.

ಶನಿವಾರ ಹನ್ನೊಂದು ಗಂಟೆಗೆ ಡಾಕ್ಟರು ಖಾಲಿ ಮನೆಗಳ ಪಟ್ಟಿಯನ್ನು ನಕ್ಷೆಯ ಜೊತೆ ತಾಳೆ ನೋಡುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ, ಅವರು ಕೆಂಪು ಪಿನ್ನು ಚುಚ್ಚುತ್ತಿದ್ದರು. ಒಟ್ಟು ಅರವತ್ತಮೂರು. ಗಾಣಿಗರ ಬೀದಿ, ಸರ್ವಮಂಗಳಾ, ಖಾಲಿ ಅಂತ ಓದಿದೆ. ಮೊದಲು ಸಮಾಧಾನವೇ ಆಯಿತು, ಸದ್ಯ ಎಲ್ಲೋ ಹೋಗಿ ಬದುಕಿಕೊಂಡಿದ್ದಾಳೆ ಅಂತ. ಆಮೇಲೆ ಸ್ವಲ್ಪ ಸಿಟ್ಟು, ಹೇಳದೆ ಹೋದಳಲ್ಲ ಅಂತ. ಇನ್ನೂ ನಾಲ್ಕು ಮನೆ ಓದಿದೆ. ಐದನೆಯದಕ್ಕೆ ನಾಲಿಗೆ ನಿಂತಿತು.

ಹೋಗುವುದಾದರೂ ಎಲ್ಲಿಗೆ? ಯಾವ ಗಾಡಿಯಲ್ಲಿ? ಬಿಲ್ಲಗೆರೆಯಿಂದ ಒಂಬತ್ತು ದಿನದಿಂದ ಒಂದು ಗಾಡಿ ಹೊರಟಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಸ್ಸಿಲ್ಲ, ಗಡಿಯಲ್ಲಿ ಪೊಲೀಸರು. ಯಂತ್ರ ಶುರುವಾದದ್ದು ಅದೆಲ್ಲ ಮುಚ್ಚಿದ ಮೇಲೆ. ಅರವತ್ತಮೂರು ಮನೆಯ ಜನ ಅದು ಹೇಗೆ ಮಾಯವಾದರು ಅಂತ ಕೇಳಿದೆ. ಡಾಕ್ಟರ ಕೈಯಲ್ಲಿದ್ದ ಪಿನ್ನು ಅಲ್ಲೇ ನಿಂತಿತು.

ಅಕ್ಕನ ಮನೆಗೆ ಫೋನು ಮಾಡಿದೆ. ಎತ್ತಿದರು. ಉಸಿರಿನ ಸದ್ದು ಬಂತು, ಮತ್ತೆ ಲೈನು ಸತ್ತಿತು. ಇನ್ನೊಮ್ಮೆ ಮಾಡಿದರೆ ಆಫ್ ಅಂತ ಬಂತು, ಚಾರ್ಜು ಮುಗಿದಿರಬೇಕು. ಅವಳದನ್ನು ಕೇಳಿಸು ಅಂತ ಪ್ರಣವ್‌ಗೆ ಹೇಳಿದೆ. ಖಾಲಿ ಮನೆಗಳ ಧ್ವನಿಯನ್ನು ಜಾಗ ಉಳಿಸಲು ಮೂರು ದಿನಕ್ಕೆ ಅಳಿಸಿಬಿಡುತ್ತೇವೆ, ತಿರುಗಿ ಫೋನು ಮಾಡಿದ ಮನೆಗಳದ್ದು ಮಾತ್ರ ಉಳಿದಿರುತ್ತದೆ ಅಂದ. ಹುಡುಕಿದ. ಅಕ್ಕನದು ಉಳಿದಿತ್ತು. ಒಂದಲ್ಲ, ನಾಲ್ಕು ಇದ್ದವು.

ಮೊದಲನೆಯದು ಸೋಮವಾರದ್ದು. ನನ್ನ ದನಿ, ಜೇನು ಸವರಿದ ಹಾಗೆ: ನಮಸ್ಕಾರ, ನಿಮ್ಮ ಮನೆಯವರು ಮನೆಯಲ್ಲಿದ್ದಾರಾ? ಆಮೇಲೆ ಅಕ್ಕ ಮಾತಾಡಿದಳು.

"ಪುಟ್ಟಿ? ಮೂರ್ ವರ್ಷ ಆದ್ಮೇಲೆ ಫೋನ್ ಮಾಡಿ ಇದನ್ನೇನೇ ಕೇಳೋದು? ನಮ್ಮನೆಯವ್ರು ಎಲ್ಲಿದ್ದಾರೆ? ನಮ್ಮನೆಯವ್ರು ಇಲ್ಲ ಕಣೇ. ಹೋದ್ರಲ್ಲ."

ನನ್ನ ದನಿ ಧನ್ಯವಾದ ಹೇಳಿತು. ಪರದೆಯ ಮೇಲೆ ಯಂತ್ರ ಬರೆದುಕೊಂಡದ್ದನ್ನು ಪ್ರಣವ್ ಬೆರಳಿಟ್ಟು ತೋರಿಸಿದ. ಮನೆಯವರು: ಇಲ್ಲ. ಹೋಗಿದ್ದಾರೆ. ಮನೆ ಖಾಲಿ.

ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವರೇ ಹೇಳಿದಾರಲ್ಲ ಮೇಡಂ, ಮನೆಯವರು ಇಲ್ಲ ಅಂತ ಅಂದ. ನನಗೆ ಅವನ 'ಮೇಡಂ'ನ ಮೇಲೆ, ಅವನ ಕನ್ನಡಕದ ಮೇಲೆ, ನನ್ನ ಮೇಲೆ ಒಟ್ಟಿಗೇ ಕೋಪ ಬಂತು.

"ಮದ್ವೆ ಆಗಿದ್ರೆ ಗೊತ್ತಾಗ್ತಿತ್ತು ನಿಂಗೆ. ನಮ್ಮನೆಯವರು ಅಂದ್ರೆ ಗಂಡ ಕಣಪ್ಪಾ. ಹೆಸರು ಹೇಳಲ್ಲ ನಾವು."

ಡಾಕ್ಟರ್ ನಫೀಸಾ ಕುರ್ಚಿ ಹಿಡಿದುಕೊಂಡು ಕೂತರು. ಯಂತ್ರ ಕೇಳಿದ್ದು ಮನೆಯಲ್ಲಿ ಜನ ಇದ್ದಾರಾ ಅಂತ. ಹೆಂಗಸರ ಕಿವಿಗೆ ಬಿದ್ದದ್ದು ನಿಮ್ಮ ಗಂಡ ಇದ್ದಾರಾ ಅಂತ. ಗಂಡ ಸತ್ತವಳು, ಗಂಡ ಬಿಟ್ಟವಳು, ಗಂಡ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡವಳು, ಎಲ್ಲರೂ ಇದ್ದದ್ದನ್ನೇ ಹೇಳಿದರು: ಇಲ್ಲ. ನಾನು ದಿನಕ್ಕೆ ನೂರು ಸಲ ನಮ್ಮನೆಯವರು ನಮ್ಮನೆಯವರು ಅನ್ನುವವಳು. ಮೈಕಿನ ಮುಂದೆ ಆ ಮಾತು ಹೇಳುವಾಗ ನನ್ನ ಗಂಡ ಮನೆಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದರು. ಅದಕ್ಕೇ ನನಗೆ ಹೊಳೆಯಲಿಲ್ಲ.

ಎರಡನೆಯದು ಮಂಗಳವಾರದ್ದು. ಅಕ್ಕ ತಾನೇ ಆ ನಂಬರಿಗೆ ಮಾಡಿದ್ದಳು. ಅದು ನನ್ನ ನಂಬರು ಅಂದುಕೊಂಡಿದ್ದಾಳೆ. ನಿನ್ನೆ ನಾನು ಸಿಡುಕಿದೆ ಅಂತ ಇವತ್ತು ಮಾಡಲಿಲ್ಲವಾ, ಹೋಗಲಿ ಬಿಡು, ಫೋನಾದರೂ ಮಾಡಿದೆಯಲ್ಲ, ಸ್ಫೂರ್ತಿ ಎಷ್ಟನೇ ಕ್ಲಾಸು ಈಗ ಅಂತ ಕೇಳಿದ್ದಾಳೆ. ಐದು ಸೆಕೆಂಡು ‘ಆ’ ಅನ್ನಿ ಅಂದಿದೆ ನನ್ನ ದನಿ. ಏನೇ ಇದು ಮಕ್ಕಳಾಟ ಅಂತ ನಕ್ಕು, ‘ಆ’ ಅಂದಿದ್ದಾಳೆ. ಯಂತ್ರ ಆ ದನಿಯಲ್ಲಿ ನಡುಕ ಗುರುತಿಸಿತ್ತು. ಆದರೆ ಖಾಲಿ ಮನೆಯಿಂದ ಕರೆ ಬರುವ ಹಾಗಿಲ್ಲವಲ್ಲ. ತಪ್ಪು ಕರೆ ಅಂತ ಬರೆದು ಒಂದು ಮೂಲೆಗೆ ಹಾಕಿತ್ತು.

ಮೂರನೆಯದು ಗುರುವಾರದ್ದು. ಅದನ್ನು ಕೇಳುವಾಗ ಡಾಕ್ಟರು ನನ್ನ ಭುಜ ಹಿಡಿದಿದ್ದರು. ಅರ್ಧ ದನಿ, ಅರ್ಧ ಗಾಳಿ.

"ಪುಟ್ಟಿ, ಜ್ವರ ಬಂದು ಮಲ್ಗಿದ್ದೆ. ಯಾರೋ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ಬಿಟ್ಟಿದಾರೆ. ಕೂಗಿದ್ರೆ ಯಾರ್ಗೂ ಕೇಳಿಸ್ತಿಲ್ಲ. ನೀನಾದ್ರೂ ಬಾರೇ."

ನಾಲ್ಕನೆಯದು ಅವತ್ತಿನದೇ, ಬೆಳಿಗ್ಗೆ ಎಂಟೂವರೆಯದು. ಮಾತಿಲ್ಲ. ಚೊಂಬಿನ ಸದ್ದು. ಎರಡು, ತಡೆದು ಎರಡು.

ನಾನು ಎದ್ದೆ. ಡಾಕ್ಟರು ಬೀಗ ಒಡೆಯುವವನನ್ನು ಕರೆಯುತ್ತಾ ನಕ್ಷೆಯ ಕಡೆ ತಿರುಗಿದರು. ಕೆಂಪು ಪಿನ್ನುಗಳು ಊರಿನ ತುಂಬಾ ಇದ್ದವು. ಇರುವುದು ಎರಡು ಆಂಬುಲೆನ್ಸು. ಅರವತ್ತಮೂರರಲ್ಲಿ ನಿಜವಾಗಿ ಖಾಲಿ ಎಷ್ಟು, ಜನ ಇರುವ ಮನೆ ಎಷ್ಟು, ಯಾವುದಕ್ಕೆ ಮೊದಲು ಹೋಗುವುದು? ಧ್ವನಿಗಳು ಅಳಿಸಿಹೋಗಿದ್ದವು. ಒಳಗಿರುವವರಿಗೆ ಕೂಗಲು ದನಿ ಇಲ್ಲ. ನೀವು ನಿಮ್ಮ ಅಕ್ಕನ ಹತ್ತಿರ ಹೋಗಿ, ಉಳಿದದ್ದು ನಾನು ನೋಡುತ್ತೇನೆ ಅಂದರು ಡಾಕ್ಟರು. ಆದರೆ ಅವರ ಮುಖದಲ್ಲಿ ಏನು ನೋಡುವುದು ಅನ್ನುವುದು ಗೊತ್ತಿಲ್ಲ ಅಂತ ಬರೆದಿತ್ತು. ಬಾಗಿಲ ತನಕ ಓಡಿದವಳು ನಿಂತೆ. ಎಡಕ್ಕೆ ಹೋದರೆ ಗಾಣಿಗರ ಬೀದಿ, ಬಲಕ್ಕೆ ಹೋದರೆ ಸ್ಟೇಷನ್. ಮೂರು ವರ್ಷದ ಹಿಂದೆಯೂ ನಾನು ಸ್ಟೇಷನ್ನಿಗೇ ಹೋಗಿದ್ದೆ. ಅಕ್ಕಾ ಹತ್ತು ನಿಮಿಷ ತಡ್ಕೋ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಬಲಕ್ಕೆ ಓಡಿದೆ.

ಮೈಕಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಕಿತ್ತೆಸೆದು ಎಲ್ಲ ಸ್ಪೀಕರುಗಳನ್ನೂ ಹಾಕಿದೆ.

"ಬಿಲ್ಲಗೆರೆಯ ಜನರ ಗಮನಕ್ಕೆ. ಇದು ಯಂತ್ರ ಅಲ್ಲ, ನಾನೇ ಕಾತ್ಯಾಯಿನಿ ಮಾತಾಡ್ತಿದ್ದೀನಿ. ಯಾರ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದೆಯೋ, ನೀವು ಒಳಗಿದ್ರೆ ತಟ್ಟೆ ಬಡೀರಿ. ಮಾತಾಡ್ಬೇಡಿ, ಬಡೀರಿ. ಅಕ್ಕಪಕ್ಕದವರು ಕಿಟಕಿ ತೆಗೆದು ಕೇಳಿ. ಸದ್ದು ಬರೋ ಮನೆ ಮುಂದೆ ಬಿಳಿ ಬಟ್ಟೆ ಕಟ್ಟಿ."

ಮೂರು ಸಲ ಹೇಳಿದೆ. ಹೇಳಿ ಪ್ಲಾಟ್‌ಫಾರ್ಮಿಗೆ ಬಂದು ನಿಂತೆ. ಊರು ಸುಮ್ಮನಿತ್ತು, ನಾಯಿ ಕೂಡ ಬೊಗಳಲಿಲ್ಲ. ಆಮೇಲೆ ಹೊಸ ಬಡಾವಣೆಯ ಕಡೆಯಿಂದ ಒಂದು ತಟ್ಟೆ ಬಡಿಯಿತು. ಸಣ್ಣಗೆ. ಮಂಡಿಯ ಕಡೆಯಿಂದ ಇನ್ನೊಂದು. ಕೆರೆಯ ಹತ್ತಿರ ಎರಡು. ನೋಡು ನೋಡುತ್ತಿದ್ದಂತೆ ಊರಿನ ಎಲ್ಲಾ ಮೂಲೆಗಳಿಂದಲೂ ಬಂತು, ತಟ್ಟೆ, ಪಾತ್ರೆ, ಕಿಟಕಿಯ ಸರಳು. ಐದು ದಿನದಿಂದ ಸತ್ತಿದೆ ಅಂದುಕೊಂಡಿದ್ದ ಮನೆಗಳು ಅವು. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಇಷ್ಟು ಜನರ ಬಾಗಿಲು ಮುಚ್ಚಿದವಳು ನಾನು. ಗಾಣಿಗರ ಬೀದಿಯ ಕಡೆಗೆ ಕಿವಿಗೊಟ್ಟೆ, ಅಷ್ಟು ಸದ್ದಿನಲ್ಲಿ ಒಂದು ಚೊಂಬು ಗುರುತಾಗಲಿಲ್ಲ.

ಅಕ್ಕನ ಬಾಗಿಲಿಗೆ ಹೋಗುವಷ್ಟರಲ್ಲಿ ಎದುರು ಮನೆಯವರು ಬಿಳಿ ಪಂಚೆಯೊಂದನ್ನು ಚಿಲಕಕ್ಕೆ ಕಟ್ಟಿದ್ದರು. ಗುರುತಿಗೆ ಹಚ್ಚಿದ ಚೀಟಿಯಲ್ಲಿ ಖಾಲಿ ಮನೆ ಅಂತ ಅಚ್ಚು ಹಾಕಿತ್ತು. ಬೀಗ ಒಡೆದು ತಳ್ಳಿದರೆ ಬಾಗಿಲು ಅರ್ಧ ಮಾತ್ರ ಸರಿಯಿತು, ಅದಕ್ಕೆ ಒರಗಿಯೇ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಚೊಂಬು. ಎಷ್ಟು ಸಣ್ಣಗಾಗಿದ್ದಳೆಂದರೆ ಅಮ್ಮನೇ ಕೂತಿದ್ದಾಳೇನೋ ಅನ್ನಿಸಿತು. ನನ್ನನ್ನು ನೋಡಿ ಬಾಯಿ ಆಡಿಸಿದಳು, ಏನೂ ಕೇಳಿಸಲಿಲ್ಲ. ಬಂದೆಯಾ ಅಂತಲೋ ತಡವಾಯಿತಲ್ಲೇ ಅಂತಲೋ. ಡಾಕ್ಟರು ಹೇಳಿದ್ದು, ದೂರ ನಿಲ್ಲುವುದು, ಮಾಸ್ಕು, ಒಂದೂ ನೆನಪಿರಲಿಲ್ಲ. ಅವಳನ್ನು ತಬ್ಬಿಕೊಂಡು ಮೂರು ವರ್ಷದ ಮಾತನ್ನೆಲ್ಲ ಬಡಬಡನೆ ಆಡಿಬಿಟ್ಟೆ. ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ಸಾಕು ದೂರ ಹೋಗು ಅಂತ ತಳ್ಳುತ್ತಿದ್ದಳು ಅವಳು. ನಾನು ಹೋಗಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲ ಬೀಗಗಳನ್ನೂ ಒಡೆದು ನೋಡಿದರು, ಇಪ್ಪತ್ತಾರು ಮನೆಯ ಒಳಗೆ ಜನ ಇದ್ದರು, ಉಳಿದವರು ಗಾಡಿ ನಿಲ್ಲುವ ಮೊದಲೇ ಊರು ಬಿಟ್ಟಿದ್ದರು. ಆ ಇಪ್ಪತ್ತಾರರಲ್ಲಿ ಎರಡು ಮನೆಯಲ್ಲಿ ತಟ್ಟೆ ಬಡಿಯುವವರು ಉಳಿದಿರಲಿಲ್ಲ. ಒಂದು ಮನೆಯವಳ ಹೆಸರು ಚಂದ್ರವ್ವ, ಇನ್ನೊಂದರಲ್ಲಿ ರೇವತಿ ಮತ್ತು ಅವಳ ಎಂಟು ತಿಂಗಳ ಮಗು. ರೇವತಿಯ ಗಂಡ ಗಡಿಯಾಚೆ ಲಾರಿಯಲ್ಲಿ ಸಿಕ್ಕಿಕೊಂಡಿದ್ದ. ಫೋನಿನಲ್ಲಿ ಅವಳು ಏನು ಹೇಳಿರುತ್ತಾಳೆ ಅಂತ ನನಗೆ ಗೊತ್ತು. ಈ ಮೂರು ಜನರ ಲೆಕ್ಕ ಯಂತ್ರದ ತಲೆಗೆ ಕಟ್ಟಲು ನಾನು ತಯಾರಿಲ್ಲ.

ಆಸ್ಪತ್ರೆಯಲ್ಲಿ ಜಾಗವಿಲ್ಲದೆ ಅಕ್ಕನನ್ನೂ, ಅವಳನ್ನು ಮುಟ್ಟಿದ ನನ್ನನ್ನೂ ಅವಳ ಮನೆಯಲ್ಲೇ ಇರಿಸಿದರು. ಅವತ್ತೇ ಪ್ರಣವ್ ರೆಕಾರ್ಡು ಮಾಡುವ ಪೆಟ್ಟಿಗೆ ಹಿಡಿದು ಬಂದು, ಅಕ್ಕನ ಕಿಟಕಿಯ ಹೊರಗೆ ನಿಂತು, ಕೋಲಿಗೆ ಮೈಕು ಕಟ್ಟಿ ಒಳಗೆ ಚಾಚಿದ. ಹೊಸ ಪ್ರಶ್ನೆಯನ್ನು ನಾನೇ ಬರೆದೆ, ಆರು ಸಲ ಬೇರೆ ಬೇರೆಯವರಿಗೆ ಫೋನಿನಲ್ಲಿ ಓದಿ ಹೇಳಿ ಏನು ಅರ್ಥವಾಯಿತು ಅಂತ ಕೇಳಿದ ಮೇಲೆ ಹೇಳಿದೆ. ಸೋಮವಾರ ಬೆಳಿಗ್ಗೆ ನಾನು ‘ಆ’ ಅಂದಾಗ ಎರಡು ಟಿಂಗ್ ಬಂತು.

ಇವತ್ತು ಶುಕ್ರವಾರ. ನಿನ್ನೆ ಮಧ್ಯಾಹ್ನ ನನ್ನ ದನಿ ಹೋಯಿತು. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ ಅನ್ನುತ್ತಾರೆ ಡಾಕ್ಟರು. ಅಕ್ಕನದು ಇನ್ನೂ ಬಂದಿಲ್ಲ. ಮಾತು ಬಿಟ್ಟಿದ್ದ ಅಕ್ಕ ತಂಗಿ ಈಗ ಒಂದೇ ಚಾಪೆಯ ಮೇಲೆ ಬಾಯಿ ಸತ್ತು ಕೂತಿದ್ದೇವೆ. ಉಸಿರು ಎಳೆದುಕೊಂಡಾಗ ಎದೆಯಲ್ಲಿ ಏನೋ ತಡೆಯುತ್ತದೆ. ಅದು ಊತವೋ ಹೆದರಿಕೆಯೋ ಗೊತ್ತಾಗುವುದಿಲ್ಲ, ಅಕ್ಕ ಬೆನ್ನು ನೀವುತ್ತಾಳೆ. ಸಂಜೆ ನಮ್ಮನೆಯವರು ಸ್ಫೂರ್ತಿಯನ್ನು ಕರೆದುಕೊಂಡು ಬೀದಿಯ ಆ ಬದಿಗೆ ಬಂದು ನಿಲ್ಲುತ್ತಾರೆ. ಒಂದು ಸಲ ಸೀಟಿ ಊದುತ್ತಾರೆ. ಊಟ ಮಾಡಿದೆಯಾ ಅಂತ. ಸ್ಫೂರ್ತಿ ಅಲ್ಲಿಂದಲೇ ಹದಿಮೂರರ ಮಗ್ಗಿ ಹೇಳುತ್ತಾಳೆ, ಹದಿಮೂರೇಳಕ್ಕೆ ತಡೆಯುತ್ತಾಳೆ.

ಈಗ ಬರೆಯುತ್ತಿರುವಾಗಲೇ ಫೋನು ಬಂತು. ಅಕ್ಕ ಸ್ಪೀಕರ್ ಒತ್ತಿದಳು. ನನ್ನ ದನಿ ಮನೆಯೊಳಗೆ ತುಂಬಿತು, ಗಟ್ಟಿಯಾಗಿ, ಹದಿನೆಂಟು ವರ್ಷ ಇದ್ದ ಹಾಗೇ. ಈಗ ಅದು ಉಳಿದಿರುವುದು ಆ ಪೆಟ್ಟಿಗೆಯಲ್ಲಿ ಮಾತ್ರ.

"ನಮಸ್ಕಾರ. ಈ ಬಾಗಿಲಿನ ಒಳಗೆ ಈಗ ಎಷ್ಟು ಜನ ಬದುಕಿದ್ದೀರಿ? ಅಷ್ಟು ಸಲ ಬಡಿಯಿರಿ."

ಅಕ್ಕ ನನ್ನ ಮುಖ ನೋಡಿದಳು. ಚೊಂಬು ಎತ್ತಿ ನೆಲಕ್ಕೆ ಒಂದು ಸಲ ಬಡಿದಳು, ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಇನ್ನೊಂದು ಸಲ ಬಡಿದೆ.